ಎದುರಿಗೆ ನೋಡದ ಮುಖ

ಅರ್ಧ ಕೆಜಿ ಅವರೆಕಾಯಿ ಕೇಳಿದ ನನ್ನನ್ನು ಮರಳೂರಿನ ತರಕಾರಿ ಗಾಡಿಯವಳು ಅಯ್ಯೋ ಪಾಪ ಎಂಬಂತೆ ನೋಡಿ ಒಂದು ಹಿಡಿ ಹೆಚ್ಚಿಗೇ ಹಾಕಿದಳು. ಮನೆಗೆ ಬಂದು, ಸುಲಿಯಲು ಹಳೇ ಪೇಪರು ಬೇಕೆಂದು ಅಟ್ಟದಿಂದ ಒಂದು ಕಟ್ಟು ಎಳೆದರೆ ಅದರೊಳಗಿಂದ ಒಂದು ಮುಖ ಹೊರಬಂತು. ಗಾಬರಿಯಾಗಬೇಡಿ, ರಬ್ಬರಿನದು. ನಾನೇ ಮಾಡಿದ್ದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮೇಲಿಡುತ್ತಾರಲ್ಲ, ಆ ಲಕ್ಷ್ಮಿ ಮುಖಗಳಿಗೆ ಕಣ್ಣು ಬರೆಯುವುದು ನನ್ನ ಕಸುಬು. ಗುಬ್ಬಿ, ಕುಣಿಗಲ್ಲಿನ ಅಂಗಡಿಗಳಿಗೂ ನನ್ನ ಲಕ್ಷ್ಮಿಯೇ ಹೋಗುವುದು. ಯಾವ ಮೂಲೆಯಲ್ಲಿ ನಿಂತರೂ ಅಮ್ಮನವರು ನಮ್ಮನ್ನೇ ನೋಡಬೇಕು, ಅದೇ ಕೈಚಳಕ. ಈ ಜಂಬ ಕಿವಿಗೆ ಬಿದ್ದು ತುಮಕೂರಿನ ಕಾಲೇಜೊಂದರ ಮೇಷ್ಟರು ನನ್ನನ್ನು ಕರೆಸಿದರು. ಆಟಿಸಂ ಇರುವ ಮಕ್ಕಳ ಜೊತೆ ಆಡಲು ಅವರೊಂದು ರೋಬೋಟ್ ಮಾಡುತ್ತಿದ್ದರು. ಮೈ ಸಿದ್ಧವಿತ್ತು, ಮಕ್ಕಳಿಗೆ ಹಿಡಿಸುವ ಮುಖ ಬೇಕಿತ್ತು.

ಮೂಗುತಿ ಒಂದನ್ನು ಬಿಟ್ಟು ಲಕ್ಷ್ಮಿಯನ್ನೇ ಇಳಿಸಿದೆ. ಅರಳಿದ ಕಣ್ಣು, ಕೆಂಪು ತುಟಿ, ತುಂಬು ನಗು. ಗುಬ್ಬಿಯಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಏಳು ವರ್ಷದ ಮಾನಸ ಅದನ್ನು ಕಂಡವಳೇ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ನಗು ಸಾಲಲಿಲ್ಲವೇನೋ ಎಂದು ಮುಂದಿನ ವಾರ ಇನ್ನಷ್ಟು ನಗಿಸಿದೆ. ನೋಡಿ ನನ್ನ ಬುದ್ಧಿ. ಮಗು ಅತ್ತ ಅಳುವಿಗೆ ಮೇಷ್ಟರೇ ಹೆದರಿದರು.

"ಇನ್ನೊಂದ್ ಕಿತ ಹಿಂಗಾದ್ರೆ ನಾವ್ ಬರಲ್ಲ" ಎಂದರು ಅಜ್ಜಿ. ಹೊರಗೆ ಮೆಟ್ಟಿಲ ಮೇಲೆ ಕೂತು, ಚೀಲದಲ್ಲಿ ತಂದಿದ್ದ ಅವರೆಕಾಯಿ ಸುಲಿಯತೊಡಗಿದರು. ಅಳು ನಿಲ್ಲಿಸಿದ ಮಾನಸ ಅವರಿಗೆ ಅಂಟಿಕೊಂಡು ತಾನೂ ಸುಲಿಯುತ್ತಿದ್ದಳು. ಇಬ್ಬರ ಕಣ್ಣೂ ಕಾಯಿಯ ಮೇಲೆ.

"ನಿಮ್ ಹತ್ರ ಹೆಂಗಜ್ಜಿ ಇಷ್ಟು ಸಲೀಸಾಗಿರ್ತಾಳೆ?" ಎಂದೆ.

"ನಾನೇನ್ ಅವ್ಳ ಮುಖ ನೋಡ್ತಾ ಕುಂತಿದೀನಾ? ಪಕ್ಕದಲ್ಲಿರ್ತೀನಿ, ಅಷ್ಟೇಯ. ನಿಮ್ ಗೊಂಬೆ ನುಂಗೋ ಹಂಗ್ ನೋಡ್ತದೆ, ಬುಡಪ್ಪ."

ತುಟಿಯ ಬಣ್ಣ ತೆಗೆದೆ. ನಗು ಸಣ್ಣದಾಯಿತು. ರೆಪ್ಪೆ ಇಳಿಸಿ, ನೋಟವನ್ನು ಎಡಕ್ಕೆ, ನೆಲದ ಕಡೆಗೆ ಬಿಟ್ಟೆ. ಜೀವಮಾನವೆಲ್ಲ ಬರೆದದ್ದನ್ನು ನನ್ನ ಕೈಯಾರೆ ಅಳಿಸಿದೆ. ಮುಂದಿನ ವಾರ ಮಾನಸ ಬಹಳ ಹೊತ್ತು ದೂರವೇ ಇದ್ದಳು. ಆಮೇಲೆ ಬಂದು ರೋಬೋಟಿನ ಎಡಗಡೆ ಕೂತು, ಅದರ ಅಂಗೈಯಲ್ಲಿ ಒಂದು ಅವರೆಕಾಯಿ ಇಟ್ಟಳು. ನೀನೂ ಸುಲಿ ಅಂತ ಇರಬೇಕು.

ಮೇಷ್ಟರು ಬೇರೆ ಊರಿಗೆ ಹೋದರು, ಕೆಲಸ ನಿಂತಿತು, ಮುಖ ನನ್ನ ಪಾಲಿಗೆ ಬಂತು. ನನ್ನ ಹೆಂಡತಿ ಸರೋಜ ತೀರಿಕೊಂಡದ್ದು ಆ ವರ್ಷವೇ. "ಊರಿಗೆಲ್ಲ ಕಣ್ ಬರೀತೀರ, ನಾನ್ ಮಾತಾಡ್ಸಿದ್ರೆ ಮಾತ್ರ ಮುಖ ಎತ್ತಲ್ಲ" ಎಂದು, ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ಕಾಯಿ ಸುಲಿಯುತ್ತಾ ಗೊಣಗುತ್ತಿದ್ದಳು.

ಇವತ್ತು ಮುಖವನ್ನು ಗೋಡೆಗೆ ಒರಗಿಸಿ, ಎದುರಿಗೆ ಪೇಪರು ಹಾಸಿ ಕೂತೆ. ಅದು ನನ್ನನ್ನು ನೋಡಲಿಲ್ಲ. ನೋಡಲಿ ಎಂದು ಎಷ್ಟು ಆಸೆಯಾಯಿತು ಅಂತೀರಿ. ಈ ಮನೆಯಲ್ಲಿ ನನ್ನನ್ನು ಯಾರಾದರೂ ನೋಡಿ ನಾಲ್ಕು ವರ್ಷವಾಯಿತು. ಕೊನೆಗೆ ಪೇಪರು ಎಳೆದುಕೊಂಡು ಅದರ ಎಡಗಡೆಗೆ, ಮಾನಸಳ ಜಾಗಕ್ಕೆ ಸರಿದೆ. ಅಲ್ಲಿ ಕೂತಾಗಲೇ ಗೊತ್ತಾದದ್ದು, ಅದರ ಕಣ್ಣು ನೆಟ್ಟಿದ್ದು ಸುಲಿಯುವ ಕೈಗಳ ಮೇಲೆ.

ಸರೋಜ ಕೂರುತ್ತಿದ್ದದ್ದೂ ನನ್ನ ಎಡಗಡೆಗೇ. ನಾನು ಮುಖ ಎತ್ತದೆ ನೋಡುತ್ತಿದ್ದದ್ದು ಅವಳ ಕೈಗಳನ್ನೇ. ಅದನ್ನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.