ಮಾರ್ಟಳ್ಳಿಯ ಹರಳೆಣ್ಣೆ

ನಮ್ಮ ಕೊಳ್ಳೇಗಾಲದ ಮನೆಯ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಗೂ ಸವೆದ ಉಜ್ಜುಕಲ್ಲಿಗೂ ನಡುವೆ, ಒಂದು ಚಪ್ಪಟೆ ಸೀಸೆ ಇತ್ತು. ಅದರ ಮೊದಲ ಜನ್ಮದಲ್ಲಿ ಏನು ತುಂಬಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ. ಚೀಟಿಯನ್ನು ಕೆರೆದು ತೆಗೆಯಬಹುದು, ಆಕಾರವನ್ನು ಕೆರೆಯಲಾಗುವುದಿಲ್ಲ. ಬಂದ ನೆಂಟರ ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ, ಅವರು ಕೇಳದಿದ್ದರೂ ನಾನೇ ‘ಹರಳೆಣ್ಣೆ, ಹರಳೆಣ್ಣೆ’ ಎಂದು ಎರಡೆರಡು ಸಲ ಹೇಳಿ, ಇಲ್ಲದ ಅನುಮಾನವನ್ನು ಹುಟ್ಟಿಸುತ್ತಿದ್ದೆ. ಅದರ ತಳದಲ್ಲಿ ಒಂದು ಬೆರಳಿನಷ್ಟು ಎಣ್ಣೆ ಉಳಿದಿತ್ತು. ಹೋದ ದೀಪಾವಳಿಯಿಂದ ಮೊನ್ನೆಯವರೆಗೆ, ಹೆಚ್ಚೂ ಆಗದೆ ಕಡಿಮೆಯೂ ಆಗದೆ, ಅಷ್ಟೇ ಇತ್ತು. ಹಾಗೆ ಉಳಿಯುವಂತೆ ನೋಡಿಕೊಂಡವನು ನಾನೇ.

ಎಣ್ಣೆಗೂ ನನಗೂ ಇರುವ ನಂಟು ಹಳೆಯದು, ಗೆಳೆಯರೇ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಅನ್ನ ತಿಂದದ್ದು ನೆಲದೆಣ್ಣೆಯನ್ನೂ ಅದರ ಜೊತೆಯ ಅನಿಲವನ್ನೂ ಹುಡುಕುವ ಕೆಲಸದಿಂದ. ಹುಟ್ಟಿದ್ದು ಯಳಂದೂರಿನ ಪಕ್ಕದ ಅಗರದಲ್ಲಿ, ಭತ್ತದ ಗದ್ದೆಯ ಬದುವಿನ ಮೇಲೆ. ನಮ್ಮ ಸೀಮೆಯ ನೆಲದಡಿ ಇರುವುದು ಕರಿಕಲ್ಲು. ಅದನ್ನು ಎಷ್ಟು ಹಿಂಡಿದರೂ ಒಂದು ತೊಟ್ಟು ಎಣ್ಣೆ ಬಾರದು. ಆದ್ದರಿಂದಲೇ ನಮ್ಮಂಥವರು ಎಣ್ಣೆ ಹುಡುಕಿಕೊಂಡು ದೂರದ ನಾಡುಗಳಿಗೆ, ಸಮುದ್ರವೊಂದು ಎಂದೋ ಬಂದು ಮಲಗಿ ಎದ್ದು ಹೋದ ಒಳನಾಡಿನ ಬೋಗುಣಿಯಂಥ ತಗ್ಗುಗಳಿಗೆ ಹೋಗುತ್ತೇವೆ. ಊರಿಗೆ ಬಂದಾಗಲೆಲ್ಲ ನಮ್ಮ ದೊಡ್ಡಪ್ಪ ಜಗುಲಿಯಿಂದಲೇ ಕೇಳುತ್ತಿದ್ದ: “ಏನ್ಲಾ, ಎಣ್ಣೆ ಸಿಕ್ತಾ? ಇಲ್ಲ ಅಂದ್ರೆ ಯೋಳು, ಸಂತೇಮಾಳದ ಅಂಗ್ಡೀಲಿ ಬೇಕಾದಷ್ಟದೆ.” ಸಿಕ್ಕಿಲ್ಲ ದೊಡ್ಡಪ್ಪ ಎನ್ನುತ್ತಿದ್ದೆ. ನಿಜವಾಗಿಯೂ ನನ್ನ ಕಾಲಡಿ ಎಂದೂ ಸಿಕ್ಕಿರಲಿಲ್ಲ.

ಈ ಕೆಲಸ ಹೇಗೆಂದು ಹೇಳುತ್ತೇನೆ. ಕಾಡಿನ ಮೇಲೋ ಹೊಲದ ಮೇಲೋ ಮೈಲಿಗಟ್ಟಲೆ ಒಂದು ಗೆರೆ ಎಳೆಯುತ್ತೇವೆ. ಗೆರೆಯುದ್ದಕ್ಕೂ ಆಳವಾದ ತೂತು ಕೊರೆದು ಮದ್ದು ತುಂಬುತ್ತೇವೆ. ಅದೇ ಗೆರೆಗುಂಟ ನೆಲದ ಮೇಲೆ ಜಿಯೋಫೋನುಗಳನ್ನು ಊರುತ್ತೇವೆ. ಮೊಳೆಯ ಕಾಲಿನ, ಮುಷ್ಟಿಯೊಳಗೆ ಅಡಗುವ ಕಿವಿಗಳು ಅವು. ಮದ್ದು ಸಿಡಿದಾಗ ಸದ್ದು ಪಾತಾಳಕ್ಕಿಳಿದು, ಅಲ್ಲಿನ ಕಲ್ಲಿನ ಪದರಗಳಿಗೆ ಬಡಿದು, ಕೆಲವೇ ಸೆಕೆಂಡುಗಳಲ್ಲಿ ಮಾರ್ದನಿಯಾಗಿ ಮೇಲೆ ಬರುತ್ತದೆ. ಅದನ್ನು ಕೇಳಿಸಿಕೊಂಡು ಕೆಳಗೇನಿದೆಯೆಂದು ಊಹಿಸುವುದೇ ನಮ್ಮ ವಿದ್ಯೆ. ಹಾಗೆ ಕೇಳುವಾಗ ಮೇಲೆ ಯಾರೂ ಅಲುಗಾಡಬಾರದು. ಸೀಟಿ ಊದಿದರೆ ಆಳುಗಳೆಲ್ಲ ಇದ್ದಲ್ಲೇ ಕೂರಬೇಕು, ಇನ್ನೊಂದು ಸೀಟಿ ಬರುವತನಕ ಕೆಮ್ಮನ್ನೂ ನುಂಗಬೇಕು. ಹಸು ನಡೆದರೆ, ಗಾಡಿ ಹೋದರೆ, ಮುದುಕಿಯೊಬ್ಬಳು ಸೌದೆ ಹೊತ್ತು ದಾಟಿದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಒಂದೇ ಹೆಸರು, ಗದ್ದಲ. ಕಲ್ಲು ಆಡಿದ್ದು ಮಾತು, ಜೀವ ಇರುವುದು ಆಡಿದ್ದು ಗದ್ದಲ. ಇದು ಎಂಥ ವಿಚಿತ್ರ ನಿಘಂಟೆಂದು ಆಗ ನನಗೆ ಹೊಳೆಯಲಿಲ್ಲ.

ಮದ್ದಿನ ಹತ್ತಿರ ಮೊಬೈಲು ಇರಕೂಡದೆಂಬುದು ಇನ್ನೊಂದು ಕಟ್ಟಳೆ. ಅದರ ಅಲೆಗೆ ಮದ್ದು ತಾನಾಗಿ ಸಿಡಿದರೂ ಸಿಡಿದೀತೆಂಬ ಭಯ. ಗೆರೆಯ ಮೇಲ್ವಿಚಾರಕನಾದ ನಾನು ಪ್ರತಿ ಬೆಳಿಗ್ಗೆ ಒಂದು ನೀಲಿ ಬಕೆಟ್ಟು ಹಿಡಿದು ನಿಲ್ಲುತ್ತಿದ್ದೆ. ಆಳುಗಳು ಹುಂಡಿಗೆ ಕಾಣಿಕೆ ಹಾಕುವವರಂತೆ ಮೊಬೈಲು ಹಾಕಿ ಮುಂದೆ ಹೋಗುತ್ತಿದ್ದರು. ನನ್ನ ಮೊಬೈಲು ಮಾತ್ರ ಜೇಬಿನಲ್ಲೇ ಇರುತ್ತಿತ್ತು. ನಾನಿರುವುದು ದೂರದ ಯಂತ್ರದ ಲಾರಿಯ ಬಳಿ, ಅಲ್ಲಿ ಅಡ್ಡಿಯಿರಲಿಲ್ಲ. ಮೇಲಾಗಿ ನಾನು ಹುಟ್ಟಾ ಆತಂಕದ ಪ್ರಾಣಿ. ಗಂಟೆಗೊಮ್ಮೆ ಪಕ್ಕದ ದಿಬ್ಬ ಹತ್ತಿ, ಸಿಗ್ನಲ್ಲು ಸಿಗುವ ಒಂದೇ ಒಂದು ಬಂಡೆಯ ಮೇಲೆ ನಿಂತು, ಸಾವಿರಾರು ಮೈಲಿ ದೂರದ ನಮ್ಮನೆಯವಳನ್ನು ಗ್ಯಾಸು ಆರಿಸಿದೆಯಾ ಎಂದು ಕೇಳದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಹೋದ ಊರಿನ ಬಸ್ಸುಗಳ ವೇಳೆಯನ್ನೆಲ್ಲ ಮೊದಲ ದಿನವೇ ಬಾಯಿಪಾಠ ಮಾಡುವುದೂ ನನ್ನ ಚಾಳಿ. ಏನಾದರೂ ಆದರೆ? ಆ ‘ಏನಾದರೂ’ ಏನೆಂದು ನನಗೇ ಗೊತ್ತಿರಲಿಲ್ಲ. ಗೊತ್ತಾದ ದಿನ ನಾನು ಏನು ಮಾಡಿದೆನೆಂಬುದೇ ಈ ಬರಹ.

ಆ ವರ್ಷ ಮಧ್ಯಪ್ರದೇಶದ ಒಂದು ಕಾಡುಬಯಲಿನಲ್ಲಿ ಕೆಲಸ. ನಮ್ಮ ಹನೂರು ಕಡೆಯಿಂದ ಹತ್ತು ಹನ್ನೆರಡು ಮಂದಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಹಿರಿಯ ಮಾರ್ಟಳ್ಳಿಯ ಚಿನ್ನಸ್ವಾಮಿ. ಜಿಯೋಫೋನು ಊರುವುದರಲ್ಲಿ ಅವನ ಕೈಗೆ ಸಮ ಇರಲಿಲ್ಲ. ಬೇರೆಯವರು ಚುಚ್ಚಿ ಮುಂದೆ ಹೋದರೆ ಅವನು ಮೇಲಿನ ಪುಡಿಮಣ್ಣನ್ನು ಹಿಮ್ಮಡಿಯಿಂದ ಸರಿಸಿ, ಗಟ್ಟಿ ನೆಲ ಸಿಕ್ಕಿದ ಮೇಲೆ ಊರಿ, ಕಿವಿ ಹಿಂಡುವಂತೆ ಒಮ್ಮೆ ತಿರುವುತ್ತಿದ್ದ. “ಸುಮ್ನೆ ಚುಚ್ಬುಟ್ರೆ ಅದು ಗಾಳಿ ಸುದ್ದಿ ಯೋಳ್ತದೆ ಸಾ, ನೆಲದ ಸುದ್ದಿ ಯೋಳಾಕಿಲ್ಲ” ಎನ್ನುತ್ತಿದ್ದ. ಅವನ ಚೀಲದಲ್ಲಿ ಯಾವಾಗಲೂ ಒಂದು ಸೀಸೆ ಹರಳೆಣ್ಣೆ. ಅವನನ್ನು ಎತ್ತಿ ಆಡಿಸಿ, ತಾಯಿ ಇಲ್ಲದ ಮನೆಯಲ್ಲಿ ತಾಯಾಗಿ ಬೆಳೆಸಿದ ಅಕ್ಕ ಪೊನ್ನಮ್ಮ ಕಾಯಿಸಿ ಕೊಟ್ಟದ್ದು. ಬಿಸಿಲಿನಲ್ಲಿ ಬೆಂದು ಬಂದ ಸಂಜೆ ನಮ್ಮೆಲ್ಲರ ನೆತ್ತಿಗೂ ಅದನ್ನು ತಟ್ಟುತ್ತಿದ್ದ. ನನ್ನ ಬೋಳು ನೆತ್ತಿಯ ಮೇಲೆ ಎಣ್ಣೆ ಸುರಿದು, “ಅಕ್ಕನ ಎಣ್ಣೆ ಸಾ, ನಿಮ್ಮ ಯೋಚ್ನೆನೆಲ್ಲ ಈರ್ಕತದೆ” ಎಂದು ನಗುತ್ತಿದ್ದ.

ಒಂದು ದಿನ ಬೆಳಿಗ್ಗೆ ದಿಬ್ಬದ ಮೇಲೆ ನನ್ನ ಮೊಬೈಲು ಬಡಿದುಕೊಂಡಿತು. ಪೊನ್ನಮ್ಮನ ಮಗ. ಅವಸರಕ್ಕಿರಲಿ ಎಂದು ಎಲ್ಲರ ಮನೆಗೂ ನನ್ನ ನಂಬರನ್ನು ನಾನೇ ಕೊಟ್ಟಿದ್ದೆ. “ಸಾ, ಅಮ್ಮುಂಗೆ ಬಾಳ ಜಾಸ್ತಿ ಆಗದೆ. ಕೊಳ್ಳೇಗಾಲದ ಆಸ್ಪತ್ರೇಲಿ ಮಡಗಿದ್ದೀವಿ. ತಂಬಿ ಬಂದ್ನಾ, ತಂಬಿ ಬಂದ್ನಾ ಅಂತ ಅದೊಂದೇ ಕೇಳ್ತಾವ್ಳೆ. ಮಾವುನ್ನ ಜಲ್ದಿ ಕಳಿಸ್ಕೊಡಿ ಸಾ.” ಕಳಿಸುತ್ತೇನೆ ಎಂದೆ. ಗಡಿಯಾರ ನೋಡಿದೆ, ಒಂಬತ್ತೂ ಇಪ್ಪತ್ತು. ನಮ್ಮ ಕ್ಯಾಂಪಿನ ಬಳಿಯಿಂದ ರೈಲಿನ ಊರಿಗೆ ದಿನಕ್ಕೊಂದೇ ಬಸ್ಸು, ಹನ್ನೊಂದಕ್ಕೆ. ಅದರಲ್ಲಿ ಹೋದರೆ ಸಂಜೆಯ ರೈಲು ಸಿಗುತ್ತದೆ. ತಪ್ಪಿದರೆ ಮರುದಿನ ಇದೇ ಬಸ್ಸು, ಇದೇ ರೈಲು. ಇದೆಲ್ಲ ನನಗೆ ಬಾಯಿಪಾಠವಾಗಿತ್ತೆಂದು ಮೊದಲೇ ಹೇಳಿದೆನಲ್ಲ.

ಆದರೆ ಅಂದು ಮುಖ್ಯ ಕಚೇರಿಯಿಂದ ದೊಡ್ಡ ಅಧಿಕಾರಿ ಬಂದಿದ್ದರು. ಮಡಿಸುವ ಕುರ್ಚಿ ಹಾಕಿಕೊಂಡು, ಯಂತ್ರದ ಲಾರಿಯ ನೆರಳಿನಲ್ಲಿ, ನಮ್ಮ ಗೆರೆ ಎಷ್ಟು ಶುದ್ಧವಾಗಿ ಬರುತ್ತದೆಂದು ನೋಡಲು ಕುಳಿತಿದ್ದರು. ಅಂದಿನ ಗೆರೆ ಹಾಯುವುದು ಒಂದು ಕಲ್ಲುಹಳ್ಳದ ಮೇಲೆ. ಅಲ್ಲಿ ಜಿಯೋಫೋನು ನಿಲ್ಲಿಸಬಲ್ಲವನು ಚಿನ್ನಸ್ವಾಮಿ ಒಬ್ಬನೇ. ನನ್ನ ಹೆಸರು ಒಂದು ಮೆಟ್ಟಿಲು ಮೇಲಿನ ಹುದ್ದೆಗೆ ಹೋಗಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಹಾರೈಸಿದ್ದೇನೆ. ಕಾಡಿಗೆ ಬೆಂಕಿ ಬಿದ್ದಿತ್ತು, ನದಿ ಉಕ್ಕಿತ್ತು ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದ್ದದ್ದು ಒಂದು ಮಡಿಸುವ ಕುರ್ಚಿ.

ದಿಬ್ಬ ಇಳಿಯುವಾಗ ಈ ಗುಂಡಿ ಸಿಡಿದ ಮೇಲೆ ಹೇಳೋಣ ಎಂದುಕೊಂಡೆ. ಅದು ಸಿಡಿದ ಮೇಲೆ ಇನ್ನೊಂದು. ಸೀಟಿ ನನ್ನ ಕೈಯಲ್ಲೇ ಇತ್ತು. ಊದಿದೆ, ಹಳ್ಳದ ಕಲ್ಲಿನ ಮೇಲೆ ಚಿನ್ನಸ್ವಾಮಿ ಇದ್ದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತ, ಉಸಿರು ಬಿಗಿಹಿಡಿದು, ತನ್ನ ಕಿವಿಗಳಿಗೆ ತಾನೇ ಅಡ್ಡಿಯಾಗದಂತೆ. ಹನ್ನೊಂದಾಯಿತು. ರಸ್ತೆಯ ಕಡೆ ಬಸ್ಸಿನ ಹಾರನ್ನು ಕೇಳಿಸಿತು. ಯಂತ್ರದಲ್ಲಿ ಅದು ಸಣ್ಣ ಗದ್ದಲವಾಗಿ ಮೂಡಿ ಅಳಿಯಿತು. ಅಧಿಕಾರಿಗಳು “ಗುಡ್, ವೆರಿ ಕ್ಲೀನ್” ಎಂದರು.

ಸಂಜೆ ಬಕೆಟ್ಟಿನಿಂದ ಮೊಬೈಲು ಹಿಂದೆ ಕೊಡುವಾಗ, “ಈಗ ಬಂತು ಚಿನ್ನಸ್ವಾಮಿ ಫೋನು, ನಿಮ್ಮಕ್ಕನಿಗೆ ಹುಷಾರಿಲ್ಲವಂತೆ” ಎಂದೆ. ‘ಈಗ’ ಎಂಬ ಆ ಎರಡಕ್ಷರ ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂಬುದು ಇಂದಿಗೂ ನನ್ನನ್ನು ಬೆಚ್ಚಿಸುತ್ತದೆ. ಅಂದಿನ ರೈಲು ಆಗಲೇ ಹೊರಟುಹೋಗಿತ್ತು. ರಾತ್ರಿ ಅವನು ಉಣ್ಣಲಿಲ್ಲ. ಮಾರನೆಯ ದಿನ ನಾನೇ ಜೀಪಿನಲ್ಲಿ ರೈಲಿನ ಊರಿಗೆ ಬಿಟ್ಟೆ, ಟಿಕೇಟು ತೆಗೆಸಿದೆ, ಚಪಾತಿ ಕಟ್ಟಿಸಿದೆ, ರೈಲು ಹೊರಡುವವರೆಗೆ ಕಿಟಕಿಯ ಬಳಿ ನಿಂತೆ. ಅಪರಾಧಿಯಷ್ಟು ಉಪಚಾರವನ್ನು ಯಾವ ನೆಂಟನೂ ಮಾಡಲಾರ. ಅವನು ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡ.

ಅವನು ಕೊಳ್ಳೇಗಾಲ ತಲುಪಿದ್ದು ನಾಲ್ಕನೆಯ ದಿನ ಮಧ್ಯಾಹ್ನ. ಪೊನ್ನಮ್ಮ ತೀರಿಕೊಂಡದ್ದು ಮೂರನೆಯ ದಿನ ಸಂಜೆ. ಹೆಣ ಇಟ್ಟುಕೊಳ್ಳುವ ಹಾಗಿರಲಿಲ್ಲವಂತೆ, ನಾಲ್ಕನೆಯ ದಿನ ಬೆಳಿಗ್ಗೆಯೇ ಮಣ್ಣು ಮಾಡಿದ್ದರು. ಹನ್ನೊಂದರ ಬಸ್ಸು ಹತ್ತಿದ್ದರೆ ಮೂರನೆಯ ದಿನದ ಮಧ್ಯಾಹ್ನ ಅವನು ಆಸ್ಪತ್ರೆಯ ಮಂಚದ ಪಕ್ಕದಲ್ಲಿರುತ್ತಿದ್ದ. ಇದು ಕಷ್ಟದ ಲೆಕ್ಕವೇನಲ್ಲ. ಇನ್ನು ಆ ಗೆರೆಯ ಸಮಾಚಾರ: ಅಲ್ಲಿ ಬಾವಿ ತೋಡಿಸುವಂಥದ್ದೇನೂ ಕಾಣಲಿಲ್ಲವೆಂದು ಕಚೇರಿಯವರು ಅದನ್ನು ಬದಿಗಿಟ್ಟರು. ಮೇಲಿನ ಹುದ್ದೆ ನನಗೆ ಬಂತು.

ಆ ವರ್ಷದ ದೀಪಾವಳಿಗೆ ವಾರವಿರುವಾಗ ಚಿನ್ನಸ್ವಾಮಿ ನಮ್ಮ ಮನೆ ಬಾಗಿಲಿಗೆ ಬಂದ, ಕಂಕುಳಲ್ಲಿ ಈ ಸೀಸೆ. ಅಕ್ಕ ಮಾಡುತ್ತಿದ್ದ ಹಾಗೆಯೇ ತಾನು ಕಾಯಿಸಿದ್ದಂತೆ. “ಸುದ್ದಿ ಬಂದ ಗಳ್ಗೇಲೇ ಕಳಿಸ್ಕೊಟ್ರಿ ಸಾ. ಮೊಕ ಸಿಕ್ನಿಲ್ಲ, ಅದು ನನ್ ಅಣೇಬರ. ನೀವೇನ್ ಮಾಡೀರಿ” ಎಂದ. ಫೋನು ಬಂದ ಹೊತ್ತನ್ನು ಅವನೂ ಅಕ್ಕನ ಮಗನೂ ಎಂದೂ ತಾಳೆ ನೋಡಿರಲಿಲ್ಲವೆಂದು ಅದರಿಂದಲೇ ತಿಳಿಯಿತು. ಅಂದಿನಿಂದ ಎರಡು ಸೀಸೆಗಳ ಓಡಾಟ ಶುರುವಾಯಿತು: ಪ್ರತಿ ವರ್ಷ ತುಂಬಿದ್ದೊಂದು ಬರುವುದು, ಖಾಲಿಯಾದದ್ದನ್ನು ತೊಳೆದು ನಾವು ಹಿಂದಿರುಗಿಸುವುದು. ನರಕ ಚತುರ್ದಶಿಯ ನಸುಕಿನಲ್ಲಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆಯೊತ್ತುತ್ತ ನಮ್ಮನೆಯವಳು, “ಎಂಥ ಇಸ್ವಾಸ ರೀ ಆವಪ್ಪಂದು. ನಿಮ್ಮಲ್ಲಿ ಅದೇನ್ ಕಂಡವ್ರೋ” ಎನ್ನುತ್ತಿದ್ದಳು. ಏನು ಕಂಡಿದ್ದಾನೆಂದು ನನಗೂ ತಿಳಿಯುತ್ತಿರಲಿಲ್ಲ. ಆ ಎಣ್ಣೆ ಯೋಚನೆ ಹೀರುತ್ತದೆಂದಿದ್ದ. ಸುಳ್ಳು, ಅದು ನೆತ್ತಿಯಿಂದ ಒಳಗಿಳಿದು, ಎಲ್ಲಿ ಯಾವ ಪದರವಿದೆಯೆಂದು ತಟ್ಟಿ ನೋಡುತ್ತಿತ್ತು.

ಹೋದ ವರ್ಷ ಅವನು ಬರಲಿಲ್ಲ. ಮಂಡಿ ನೋವು, ನೀವೇ ಬಂದು ತಕಂಡೋಗಿ ಎಂದು ಹೇಳಿಕಳಿಸಿದ. ಮಧುವನಹಳ್ಳಿ ದಾಟಿ, ಹನೂರಿನಲ್ಲಿ ಬಸ್ಸು ಬದಲಿಸಿ ಮಾರ್ಟಳ್ಳಿಗೆ ಹೋದೆ. ಹಿತ್ತಲಿನಲ್ಲಿ ಒಲೆ ಹೂಡಿದ್ದ. ಹುರಿದು ಕುಟ್ಟಿದ ಹರಳು ನೀರಿನಲ್ಲಿ ಕುದಿದು, ಎಣ್ಣೆ ಮೇಲೆ ತೇಲಿತ್ತು. ತೆಂಗಿನ ಚಿಪ್ಪಿನಲ್ಲಿ ಅದನ್ನು ನಿಧಾನವಾಗಿ ಬಳಿದು ಬಳಿದು ಬೇರೊಂದು ಪಾತ್ರೆಗೆ ಬಿಡುತ್ತಿದ್ದ. ಕಾಫಿ ತಂದ ಸೊಸೆಗೆ ನನ್ನನ್ನು ತೋರಿಸಿ, “ಇವ್ರೇ ಕಣಮ್ಮಿ ನಾ ಯೋಳ್ತಿದ್ನಲ್ಲ. ಸುದ್ದಿ ಬಂದೇಟ್ಗೆ ಒಂದ್ ಗಳ್ಗೆ ತಡ ಮಾಡ್ದೆ ನನ್ನ ಕಳ್ಸುದ್ರು” ಎಂದ. ಆ ಹೆಣ್ಣುಮಗಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಕಾಲು ಹಿಂದೆಳೆದುಕೊಂಡೆ. ಕಾಫಿ ಚೆಲ್ಲಿತು. ಅವಳು ಒಳಗೆ ಹೋದ ಮೇಲೆ, ಇಷ್ಟು ವರ್ಷ ಉರು ಹೊಡೆದಿದ್ದ ಪೀಠಿಕೆಗಳೆಲ್ಲ ಮರೆತು, “ಫೋನು ಬಂದದ್ದು ಸಂಜೆ ಅಲ್ಲ ಚಿನ್ನಸ್ವಾಮಿ, ಬೆಳಿಗ್ಗೆ” ಎಂದುಬಿಟ್ಟೆ.

ಚಿಪ್ಪು ನಿಂತಿತು.

“ಎಷ್ಟೊತ್ಗೆ ಬಂತು ಸಾ?”

“ಒಂಬತ್ತೂ ಇಪ್ಪತ್ತಕ್ಕೆ.”

ಒಲೆಯಿಂದ ಒಂದು ಕೊಳ್ಳಿಯನ್ನು ಈಚೆಗೆಳೆದ. ನೋಡಿದ. ಮತ್ತೆ ಒಳಗೆ ತಳ್ಳಿದ.

“ಅನ್ನೊಂದಕ್ಕೆ ಬಸ್ಸಿತ್ತಲ್ವ.”

“ಇತ್ತು.”

ಯಾಕೆಂದು ಕೇಳಿದ್ದರೆ ಮಡಿಸುವ ಕುರ್ಚಿಯ ಕಥೆ ಹೇಳಬೇಕಾಗುತ್ತಿತ್ತು, ಅದನ್ನು ಅವನು ಕೇಳಲೇ ಇಲ್ಲ. ಬಯ್ದಿದ್ದರೆ ಬಯ್ಗುಳವನ್ನಾದರೂ ಹೊತ್ತುಕೊಂಡು ಬರುತ್ತಿದ್ದೆ. ಅವನು ಎಣ್ಣೆ ಬಳಿಯುವುದನ್ನು ಮುಂದುವರಿಸಿದ. ಸೀಟಿ ಊದಿದಾಗ ಕುಳಿತಿರುತ್ತಿದ್ದ ಹಾಗೆಯೇ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಎರಡನೆಯ ಸೀಟಿ ಊದುವವರು ಯಾರೂ ಇರಲಿಲ್ಲ. ನಾನು ಎದ್ದು ನಿಂತಾಗ, ಮೊದಲೇ ತುಂಬಿಸಿ ಗೋಡೆಗೊರಗಿಸಿದ್ದ ಸೀಸೆಯನ್ನು ಎತ್ತಿ ಕೊಟ್ಟ. ಬೇಡವೆಂದೆ.

“ತಕಳಿ. ಮಾಡಾಗದಲ್ಲ.”

ಅಷ್ಟೇ. ‘ಸಾ’ ಇರಲಿಲ್ಲ.

ಅದು ಕ್ಷಮೆಯೋ, ಲೆಕ್ಕ ಚುಕ್ತಾ ಮಾಡಿದ್ದೋ ನನಗೆ ಇಂದಿಗೂ ಗೊತ್ತಾಗಿಲ್ಲ. ಮಾಡಿಯಾಗಿದೆ ಎಂದದ್ದು ಎಣ್ಣೆಗೋ, ನಾನು ಮಾಡಿದ್ದಕ್ಕೋ ಎಂದು ಬಸ್ಸಿನಲ್ಲಿ ಹನೂರಿನವರೆಗೂ ಯೋಚಿಸಿದೆ. ಭೂಮಿಯಾದರೆ ಕೆಲವು ಸೆಕೆಂಡುಗಳಲ್ಲಿ ಉತ್ತರ ಕೊಡುತ್ತದೆ. ಮನುಷ್ಯನಿಗೆ ಬಡಿದ ಪೆಟ್ಟಿನ ಮಾರ್ದನಿ ಮೇಲೆ ಬರಲು ಎಷ್ಟು ವರ್ಷ ಬೇಕೋ, ಕಾಯುತ್ತ ಕೂರುವ ಯೋಗ್ಯತೆ ನನಗಿದೆಯೋ ಇಲ್ಲವೋ.

ಈ ದೀಪಾವಳಿಗೆ ಸೀಸೆ ಬರಲಿಲ್ಲ, ಹೇಳಿಕೆಯೂ ಬರಲಿಲ್ಲ. ನಾನು ಮಾತ್ರ ತಳದ ಎಣ್ಣೆಯನ್ನು ಮುಟ್ಟದೆ ಕಾಪಾಡಿಕೊಂಡಿದ್ದೆ. ನೆನಪಿಗೆಂದು ನೀವು ತಿಳಿದಿದ್ದರೆ ನನ್ನನ್ನು ಹೆಚ್ಚು ಗೌರವಿಸಿದಿರಿ. ಖಾಲಿಯಾದ ಸೀಸೆಯನ್ನು ಹಿಂದಿರುಗಿಸಬೇಕಾದದ್ದು ನಮ್ಮ ನಡುವಿನ ಪದ್ಧತಿ. ಖಾಲಿಯಾಗದಿದ್ದರೆ ಹೋಗಬೇಕಾಗಿಲ್ಲ. ಒಂದು ಬೆರಳು ಎಣ್ಣೆಯ ಹಿಂದೆ ಒಂದಾಳು ಅಡಗಬಹುದೆಂದು ನಾನು ಕಂಡುಹಿಡಿದೆ. ಇಷ್ಟು ವರ್ಷ ಎಣ್ಣೆ ಹುಡುಕಿದ್ದಕ್ಕೆ ಇದೇ ನನ್ನ ಪಾಲಿಗೆ ಸಿಕ್ಕಿದ್ದು.

ನಿನ್ನೆ ನಸುಕಿನಲ್ಲಿ ಮಣೆಯ ಮೇಲೆ ಕೂತಿದ್ದೆ. ಅಂಗಡಿಯ ಎಣ್ಣೆಯ ಪ್ಯಾಕೆಟ್ಟು ಪಕ್ಕದಲ್ಲೇ ಇತ್ತು. ನಮ್ಮನೆಯವಳು ನನ್ನನ್ನು ಒಂದು ಮಾತೂ ಕೇಳದೆ ಗೂಡಿನ ಸೀಸೆಯನ್ನು ತಲೆಕೆಳಗು ಮಾಡಿ ಕೊನೆಯ ತೊಟ್ಟಿನವರೆಗೆ ನನ್ನ ನೆತ್ತಿಗೆ ಇಳಿಸಿದಳು. ಬೆಚ್ಚಗೆ ಹಣೆಯ ಮೇಲೆ ಹರಿದು ಹುಬ್ಬಿಗೆ ಬಂದು ನಿಂತಿತು. “ವರ್ಸದಿಂದ ಅದ್ನೇನ್ ಪೂಜೆ ಮಾಡ್ತಾ ಕೂತಿದ್ದೀರಿ. ಆವಪ್ಪನ ಸೀಸೆ ಕೊಟ್ಟು ಬನ್ನಿ, ಮಂಡಿ ಎಂಗದೆ ಅಂತಾನೂ ಇಚಾರಿಸ್ಕಂಡು ಬನ್ನಿ” ಎಂದಳು. ಅವಳಿಗೆ ನಾನು ಇನ್ನೂ ಏನನ್ನೂ ಹೇಳಿಲ್ಲ.

ತೊಳೆದ ಸೀಸೆ ಈಗ ಹಿತ್ತಲ ಗೋಡೆಯ ಮೇಲೆ ಬೋರಲಾಗಿ ಒಣಗುತ್ತಿದೆ. ಬೆಳಗಿನ ಬಿಸಿಲು ಅದರೊಳಗೆ ಹೊಕ್ಕು, ಇಷ್ಟು ವರ್ಷ ಎಣ್ಣೆ ನಿಂತು ನಿಂತು ತಳದಲ್ಲಿ ಮೂಡಿದ ಹಳದಿ ಗೆರೆಯನ್ನು ತೋರಿಸುತ್ತಿದೆ. ಎಷ್ಟು ತೊಳೆದರೂ ಅದೊಂದು ಹೋಗಿಲ್ಲ. ಹನೂರಿಗೆ ಎಂಟೂವರೆಗೆ ಬಸ್ಸಿದೆ, ಬಾಯಿಪಾಠವಾಗಿದೆ. ಈಗ ಎಂಟು ಗಂಟೆ.