ತಣ್ಣಗಿದ್ದ ಎಂಜಿನ್

ಮುಟ್ಟಿ ಆಣೆ ಮಾಡುವುದೆಲ್ಲ ಕೈಲಾಗದವರ ಕೆಲಸವೆಂದು ತರಗತಿಯಲ್ಲೇ ನಗಾಡುತ್ತಿದ್ದವನು ನಾನು. ಮೆಕ್ಯಾನಿಕಲ್ ಮೇಷ್ಟ್ರು ಬೇರೆ. ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿದ್ದೆ. ವರ್ಕ್‌ಶಾಪಿನ ಮೂಲೆಯಲ್ಲಿ ವಿಮಾನದ ಒಂದು ಹಳೇ ಎಂಜಿನ್ ಇತ್ತು, ವಿಮಾನಗಳು ಆಗತಾನೆ ಹಾರಲು ಕಲಿತ ಕಾಲದ್ದು. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸಿಲಿಂಡರು. ಚೊಂಬಿನ ಹೊರಗೊಂದು ಚೊಂಬು ತೊಡಿಸಿದ ಹಾಗೆ ಒಂದೊಂದಕ್ಕೂ ತಾಮ್ರದ ಹೊದಿಕೆ. ಅದರೊಳಗೆ ನೀರು ಹರಿದು ಸಿಲಿಂಡರು ತಂಪಾಗಬೇಕು. ಈಗ ನೀರು ಎಲ್ಲಿಂದ ಬರಬೇಕು? ತುಕ್ಕು ಹಿಡಿದು ಪಿಸ್ಟನ್ನುಗಳೇ ಕಚ್ಚಿಕೊಂಡಿದ್ದವು. ಅದರ ವಿನ್ಯಾಸದ ಒಂದು ಹಾಳೆಯೂ ಉಳಿದಿರಲಿಲ್ಲ. ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಅಳೆದು ಅಳೆದು, ಪೂರಾ ನಕ್ಷೆ ಬರೆದೆ. ಹಿರೀಸಾವೆ ಕಡೆಯ ಪುಟ್ಟರಾಜು, ನನ್ನ ಜೊತೆಯ ಮೇಷ್ಟ್ರು, ಟೇಪು ಹಿಡಿಯಲು ಬರುತ್ತಿದ್ದ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ. ಒಂದೇ ಡಬ್ಬಿಯಲ್ಲಿ ಉಂಡವರು ನಾವು.

ನಕ್ಷೆ ಮುಗಿದ ವರ್ಷ ಆಯುಧಪೂಜೆಯ ಬೆಳಿಗ್ಗೆ ಪ್ರಿನ್ಸಿಪಾಲರು ಎಲ್ಲರೆದುರು ಪುಟ್ಟರಾಜುವಿಗೆ ಹಾರ ಹಾಕಿದರು. ಗೋಡೆಯ ಮೇಲೆ ನನ್ನ ನಕ್ಷೆಗಳು, ಕೆಳಗೆ ಅವನ ಹೆಸರು! ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ. ಎಂಜಿನ್ನಿಗೆ ಕುಂಕುಮ ಇಡುತ್ತಿದ್ದ ಅಟೆಂಡರ್ ಜವರಪ್ಪ ಎದ್ದು ಬಂದ.

"ಜಗಳ ಯಾಕ್ ಸಾ? ಪೂಜೆ ಆಗ್ಯದೆ. ಇಬ್ರೂವೆ ಇದನ್ನ ಮುಟ್ಟಿ ನಿಜ ಏಳ್ಬುಡಿ. ಸುಳ್ಳೇಳ್ದೋರ್ನ ಇದೇ ನೋಡ್ಕತದೆ."

ಪುಟ್ಟರಾಜು ಹಿಂದೆಮುಂದೆ ನೋಡಲಿಲ್ಲ. ತಾಮ್ರದ ಮೇಲೆ ಅಂಗೈ ಊರಿ, "ನಾನೇ ಕಣಪ್ಪ ಬರ್ದಿದ್ದು" ಎಂದ. ಏನೂ ಆಗಲಿಲ್ಲ. ನನ್ನತ್ತ ನೋಡಿ ನಕ್ಕ, ಪಾಪಿ.

ನಾನೂ ಅದೇ ಜಾಗದಲ್ಲಿ ಕೈಯಿಟ್ಟೆ. ಬಾಯಿ ತೆರೆಯುವಷ್ಟರಲ್ಲಿ ಚುರ್ ಎಂದಿತು. ಕಿರುಚಿ ಕೈ ಕಿತ್ತುಕೊಂಡೆ. ಅಂಗೈ ತುಂಬ ಬೊಬ್ಬೆ. ಜವರಪ್ಪ ಓಡಿಬಂದು ಹೊದಿಕೆ ಮುಟ್ಟಿ ನೋಡಿದ.

"ತಣ್ಣಗದೆ ಕಣ್ ಸಾ" ಎಂದವನು ಮತ್ತೆ ನನ್ನ ಮುಖ ನೋಡಲಿಲ್ಲ. ಯಾರೂ ನೋಡಲಿಲ್ಲ. ನಕ್ಷೆ ಯಾರದೆಂದು ಅಲ್ಲಿಗೆ ತೀರ್ಮಾನವಾಗಿತ್ತು.

ಕರ್ಪೂರದ ತಟ್ಟೆ ಮಾರು ದೂರದಲ್ಲಿತ್ತು. ಆಮೇಲೆ ಹೊದಿಕೆ ಬಿಚ್ಚಿ ನೋಡಿದರೆ ಒಳಗೆ ಜೇಡರ ಬಲೆ, ಒಣ ಧೂಳು. ಎಷ್ಟು ಯೋಚಿಸಿದರೂ ಲೆಕ್ಕಕ್ಕೆ ಸಿಗುತ್ತಿಲ್ಲ. ಪುಟ್ಟರಾಜು ಮೋಸ ಮಾಡಿದ್ದು ಅರ್ಥವಾಗುತ್ತದೆ, ಅವನು ಮನುಷ್ಯ. ಆದರೆ ಆ ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಮೂರು ವರ್ಷ ಸವರಿದ ಕೈ ಇದು. ಅದಕ್ಕಾದರೂ ಗುರುತು ಸಿಗಬಾರದಿತ್ತೇ?