ಕಾಳಕ್ಕ ಬಾಯಿ ಕಟ್ಟಿದ್ದು

ಮಾಡದಕೆರೆಯ ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದ ಕಾಳಕ್ಕ ಮೈಕೈ ತುಂಬಿಕೊಂಡಿದ್ದ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಶಾಲೆಯ ಹುಡುಗರಿಗೆಲ್ಲ ಬಡಿಸಿದ ಮೇಲೆ, ಜೊತೆಗೆ ಅಡುಗೆ ಮಾಡುವ ಮಮತಾಳೊಂದಿಗೆ ಒಲೆಯ ಪಕ್ಕ ಕೂತು ಉಣ್ಣುವುದೇ ಅವಳಿಗೆ ಊಟ. ಮನೆಯಲ್ಲಿ ಒಬ್ಬಳೇ ಉಣ್ಣುವುದು ಬರೀ ಹೊಟ್ಟೆ ತುಂಬಿಸಲು.

ಕಾರ್ತಿಕದ ಒಂದು ಮಧ್ಯಾಹ್ನ ಸಾರಿನ ಪಾತ್ರೆ ಇಳಿಸುವಾಗ ಎದೆ ಹಿಂಡಿತು, ಮೈಯೆಲ್ಲ ಬೆವರು. ಹೆಡ್‌ಮಾಸ್ತರು ತಮ್ಮ ಕಾರಿನಲ್ಲೇ ಹೊಸದುರ್ಗಕ್ಕೆ ಕರೆದೊಯ್ದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿತ್ರದುರ್ಗ. ಸ್ಟೆಂಟ್ ಹಾಕಿದರು, ಜೀವ ಉಳಿಯಿತು.

ನೋಡಲು ಬಂದ ತಮ್ಮನ ಹೆಂಡತಿ ಮಂಚದ ಪಕ್ಕ ನಿಂತು, "ಈ ಮೈಯೇ ನಿನ್ನ ತಿಂತು ನೋಡಕ್ಕ. ಇನ್ನಾದ್ರೂ ಬಾಯಿ ಕಟ್ಟು," ಎಂದಳು. ಸಿಟ್ಟಿನ ಮಾತಲ್ಲ, ಅಳುತ್ತಲೇ ಹೇಳಿದ್ದು. ಆದರೂ ಅದು ಕಾಳಕ್ಕನೊಳಗೆ ಮುಳ್ಳಿನಂತೆ ಕೂತುಬಿಟ್ಟಿತು.

ಮನೆಗೆ ಬಂದವಳು ಶಾಲೆಯ ಕೆಲಸಕ್ಕೆ ಹೋಗಲಿಲ್ಲ; ನಿಜಕ್ಕೂ ಬಾಯಿ ಕಟ್ಟಿದಳು. ಮುದ್ದೆ ಅರ್ಧವಾಯಿತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ಹಾಲು ಬಿಟ್ಟಳು, ಮೊಟ್ಟೆ ಬಿಟ್ಟಳು, ಕೊನೆಗೆ ಬೇಳೆಗೂ ಹೆದರಿದಳು. ಬೀದಿಯವರು ಮೊದಮೊದಲು "ಸಣ್ಣಗಾಗಿದೀಯ, ಒಳ್ಳೇದಾತು ಬಿಡು" ಎಂದರು. ಬರಬರುತ್ತಾ ಮುಖ ನೋಡಿ ಮುಂದೆ ಹೋಗತೊಡಗಿದರು. ಏನಾದರೂ ಆದರೆ ಯಾರಾದರೂ ಒಳಗೆ ಬರಲೆಂದು ಅವಳು ಕದಕ್ಕೆ ಅಗುಳಿ ಹಾಕದೆ ಮಲಗುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಚಿತ್ರದುರ್ಗಕ್ಕೆ ತಪಾಸಣೆಗೆ ಹೋದಳು. ಆಸ್ಪತ್ರೆ ಸೇರಿದಾಗ ಎಪ್ಪತ್ತೆಂಟು ಕೆಜಿ ಇದ್ದವಳು ಈಗ ಐವತ್ತೊಂಬತ್ತು. ಡಾಕ್ಟರಮ್ಮ ಹೊಗಳುತ್ತಾರೆಂದು ಕಾದಿದ್ದಳು. ಅವರು, "ಕೈ ಊರದಂಗೆ ಕುರ್ಚಿಯಿಂದ ಎದ್ದೇಳ್ರಿ," ಎಂದರು. ಏಳಲಾಗಲಿಲ್ಲ.

"ನೋಡಿದ್ರಾ? ಬರೀ ಕೊಬ್ಬು ಕರಗಿಲ್ಲ, ಕೈಕಾಲಿನ ಶಕ್ತೀನೂ ಕರಗೈತೆ. ಉಪ್ಪು, ಎಣ್ಣೆ ಕಮ್ಮಿ ಮಾಡ್ರಿ ಅಂದಿದ್ದೆ, ಊಟ ಬಿಡ್ರಿ ಅಂದಿರ್ಲಿಲ್ಲ. ಯಾರ ಜೊತೆ ಉಣ್ತೀರಿ?"

"ಯಾರೂ ಇಲ್ರಮ್ಮ," ಎಂದಳು ಕಾಳಕ್ಕ. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಶಾಲೆಗೆ ಹೋದಳು. ಊಟಕ್ಕೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು, "ಯಾರಜ್ಜಿ ನೀನು?" ಎಂದಳು. ಕಾರ್ತಿಕದ ತನಕ ದಿನಾ ಇವಳ ಕೈಯಿಂದಲೇ ಅನ್ನ ಹಾಕಿಸಿಕೊಂಡ ಮಗು. ಮಮತಾ ಸೌಟು ಬಿಟ್ಟು ಓಡಿಬಂದಳು.

"ಅಯ್ಯೋ ಅಕ್ಕಾ, ಏನಾಗೋಗಿದೀಯ! ಕುಂತ್ಕ, ಮೊದ್ಲು ಉಣ್ಣು."

ತಟ್ಟೆ ತಂದು ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಕಾಳಕ್ಕನ ಜಾಗಕ್ಕೆ ಬಂದಿದ್ದ ಹೊಸಬಳು ಕರೆದಳು; ಮಮತಾ ಎದ್ದು ಹೋಗಬೇಕಾಯಿತು. ಕಾಳಕ್ಕ ಗೋಡೆಗೊರಗಿ, ನಿಧಾನವಾಗಿ, ತಟ್ಟೆಯಲ್ಲಿದ್ದ ಅನ್ನ ಬೇಳೆಸಾರು ಅಷ್ಟನ್ನೂ ಉಂಡಳು.

ಆ ಕೆಲಸ ಮತ್ತೆ ಅವಳಿಗೆ ಸಿಗಲಿಲ್ಲ. ಭಾರ ಎತ್ತಬಾರದು ಎಂದರು ಹೆಡ್‌ಮಾಸ್ತರು, ಅದೂ ನಿಜವೇ. ಈಗ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಾಳೆ, ಸೊಪ್ಪು ಬೇಳೆ ಬೇಯಿಸಿ ಇಡೀ ಮುದ್ದೆ ಕಟ್ಟಿಕೊಳ್ಳುತ್ತಾಳೆ. ಹಸಿವಿಲ್ಲದಿದ್ದರೂ ಉಣ್ಣುತ್ತಾಳೆ. ಮೊನ್ನೆ ತಪಾಸಣೆಯಲ್ಲಿ ಅರವತ್ತಮೂರು ಕೆಜಿ ಬಂತು. "ಇಷ್ಟಿದ್ರೆ ಸಾಕು," ಎಂದರು ಡಾಕ್ಟರಮ್ಮ. ಬಸ್ಸಿಳಿದು ಮನೆಗೆ ಬಂದವಳು ಅದನ್ನು ಹೇಳಲು ತಮ್ಮನಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಎದ್ದು ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಳು.